ಸ್ವಾಧೀನವಿದ್ದೂ ಹಕ್ಕಿಲ್ಲದ ಮನೆಗಳು: ದೆಹಲಿಯ ಜಿಪಿಎ ವ್ಯವಹಾರಗಳು

ಆಸ್ತಿ ವರ್ಗಾವಣೆಯ ಪತ್ರಗಳನ್ನು ಸಿದ್ಧಪಡಿಸುವ ವಕೀಲರ ಕೆಲಸವೆಂದರೆ ಕ್ರಯಪತ್ರ ಬರೆಯುವುದು ಎಂಬ ತಿಳಿವಳಿಕೆ ಸಾಮಾನ್ಯವಾಗಿದ್ದರೂ, ದೆಹಲಿ ಮತ್ತು ಅದರ ಸೆರಗಿನಲ್ಲಿರುವ ಗುರುಗ್ರಾಮ, ನೋಯ್ಡಾಗಳಲ್ಲಿ ಅವರ ಶ್ರಮದ ಹೆಚ್ಚಿನ ಪಾಲು ಮಾರುವವರಿಗೆ ಮಾರುವ ಹಕ್ಕು ಇದೆಯೇ ಎಂದು ಪರಿಶೀಲಿಸುವುದರಲ್ಲೇ ಕಳೆಯುತ್ತದೆ. ಈ ತೊಡಕಿನ ಮೂಲವು ದಶಕಗಳ ಕಾಲ ಕ್ರಯಪತ್ರದ ಸ್ಥಾನವನ್ನು ಆಕ್ರಮಿಸಿಕೊಂಡಿದ್ದ ಜಿಪಿಎ, ಅಂದರೆ ಸಾಮಾನ್ಯ ಅಧಿಕಾರಪತ್ರದಲ್ಲಿದೆ.

1957ರಲ್ಲಿ ಸ್ಥಾಪನೆಯಾದ ದೆಹಲಿ ಅಭಿವೃದ್ಧಿ ಪ್ರಾಧಿಕಾರವು ತನ್ನ ನಿವೇಶನ ಮತ್ತು ಫ್ಲ್ಯಾಟುಗಳನ್ನು ಬಹುಮಟ್ಟಿಗೆ ಗುತ್ತಿಗೆಯ ಆಧಾರದ ಮೇಲೆ ಹಂಚಿತು. ಗುತ್ತಿಗೆ ನಿವೇಶನವನ್ನು ಮಾರಬೇಕಾದರೆ ಪ್ರಾಧಿಕಾರದ ಅನುಮತಿ ಪಡೆಯಬೇಕಿತ್ತು. ಅಷ್ಟೇ ಅಲ್ಲದೆ, ಏರಿದ ಬೆಲೆಯಲ್ಲಿ ಅರ್ಧದಷ್ಟನ್ನು ‘ಗಳಿಸದ ಹೆಚ್ಚಳ’ವೆಂಬ ಹೆಸರಿನಲ್ಲಿ ಅದಕ್ಕೆ ಕಟ್ಟಬೇಕಿತ್ತು. ಈ ಹೊರೆಯನ್ನೂ ಮುದ್ರಾಂಕ ಶುಲ್ಕವನ್ನೂ ತಪ್ಪಿಸಿಕೊಳ್ಳಲು ಜನರು ಕಂಡುಕೊಂಡ ಒಳದಾರಿಯೇ ಜಿಪಿಎ ಮಾರಾಟ. ಅನಧಿಕೃತ ಬಡಾವಣೆಗಳಲ್ಲಂತೂ ಕ್ರಯಪತ್ರ ನೋಂದಾಯಿಸುವ ಅವಕಾಶವೇ ಇಲ್ಲದ್ದರಿಂದ, ಅದೇ ರಾಜಮಾರ್ಗವಾಯಿತು.

ಇಂಥ ಮಾರಾಟದ ಕಡತವನ್ನು ಬಿಚ್ಚಿ ನೋಡಿದರೆ ಕ್ರಯಕರಾರು, ಜಿಪಿಎ, ಉಯಿಲು, ಹಣ ಸಂದಾಯದ ರಸೀದಿ, ಸ್ವಾಧೀನಪತ್ರ ಮತ್ತು ಪ್ರಮಾಣಪತ್ರ ಎಲ್ಲವೂ ಸಿಗುತ್ತವೆ. ಸಿಗದೆ ಇರುವುದು ಕ್ರಯಪತ್ರವೊಂದೇ. ಕ್ರಯಕರಾರು ಮುಂದೆ ಮಾರುವುದಾಗಿ ಕೊಟ್ಟ ಮಾತಷ್ಟೇ ಆಗಿದ್ದು, 1882ರ ಆಸ್ತಿ ವರ್ಗಾವಣೆ ಕಾಯ್ದೆಯ 54ನೇ ಕಲಮಿನ ಪ್ರಕಾರ ಅದರಿಂದ ಆಸ್ತಿಯಲ್ಲಿ ಯಾವ ಹಕ್ಕೂ ಹುಟ್ಟುವುದಿಲ್ಲ. ಜಿಪಿಎ ಒಬ್ಬರ ಪರವಾಗಿ ಇನ್ನೊಬ್ಬರು ವ್ಯವಹರಿಸಲು ಕೊಟ್ಟ ಅಧಿಕಾರವಾದ್ದರಿಂದ, ಕಾನೂನು ಹೇಳುವ ಕೆಲವು ಅಪವಾದಗಳನ್ನು ಬಿಟ್ಟರೆ, ಕೊಟ್ಟವರ ಮರಣದೊಂದಿಗೆ ಅದು ಮುಗಿಯುತ್ತದೆ. ಉಯಿಲು ಬರೆದವರು ಬದುಕಿರುವವರೆಗೆ ಅದು ಜಾರಿಗೆ ಬಾರದು, ಅಷ್ಟರೊಳಗೆ ಅವರು ಅದನ್ನು ರದ್ದುಪಡಿಸಲೂಬಹುದು. ಒಂದು ಕಾಗದದ ಕೊರತೆಯನ್ನು ಇನ್ನೊಂದು ತುಂಬಲೆಂದು ಈ ಎಲ್ಲವನ್ನೂ ಒಟ್ಟಿಗೆ ಬರೆಸಿಕೊಳ್ಳಲಾಗುತ್ತಿತ್ತಾದರೂ, ಅವೆಲ್ಲ ಸೇರಿಯೂ ಒಡೆತನವಾಗುತ್ತಿರಲಿಲ್ಲ.

ಗುರುಗ್ರಾಮದ ವಜೀರಾಬಾದ್ ಗ್ರಾಮದ ಎರಡೂವರೆ ಎಕರೆ ಭೂಮಿಯ ಇಂಥದೇ ವ್ಯವಹಾರದಿಂದ ಹುಟ್ಟಿದ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ, ಸುಪ್ರೀಂ ಕೋರ್ಟು 2011ರ ಅಕ್ಟೋಬರ್ 11ರಂದು ಈ ಪದ್ಧತಿಗೆ ತೆರೆ ಎಳೆಯಿತು. ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದ ಆರ್.ವಿ. ರವೀಂದ್ರನ್ ಅವರು ನಿವೃತ್ತಿಗೆ ಕೆಲವೇ ದಿನ ಮೊದಲು ಬರೆದ ಈ ತೀರ್ಪು, ಸ್ಥಿರಾಸ್ತಿಯ ಒಡೆತನವು ನೋಂದಾಯಿತ ವರ್ಗಾವಣೆ ಪತ್ರದಿಂದ ಮಾತ್ರ ಕೈ ಬದಲಾಗುತ್ತದೆ ಎಂದು ಸಾರಿತು. ಮನೆಯವರಿಗೆ ಅಥವಾ ಬಂಧುಗಳಿಗೆ ಆಸ್ತಿಯ ಉಸ್ತುವಾರಿಗಾಗಿ ಕೊಡುವ ಪ್ರಾಮಾಣಿಕ ಜಿಪಿಎಗಳಿಗೆ ಅದು ಅಡ್ಡಿಪಡಿಸಲಿಲ್ಲ. ಹಳೆಯ ಖರೀದಿದಾರರು ಈ ಕಾಗದಗಳ ಆಧಾರದ ಮೇಲೆ ಕ್ರಯಪತ್ರ ಪಡೆಯಲು ಅಥವಾ ಪ್ರಾಧಿಕಾರದಿಂದ ಸಕ್ರಮ ಮಾಡಿಸಿಕೊಳ್ಳಲು ಇದ್ದ ಅವಕಾಶವನ್ನೂ ಮುಚ್ಚಲಿಲ್ಲ.

ಸಕ್ರಮಕ್ಕೆ ಎರಡು ದಾರಿಗಳಿವೆ. ಪ್ರಾಧಿಕಾರದ ಗುತ್ತಿಗೆ ಆಸ್ತಿಯನ್ನು ಪೂರ್ಣ ಒಡೆತನಕ್ಕೆ ಪರಿವರ್ತಿಸುವ ಯೋಜನೆ 1992ರಲ್ಲಿ ಬಂದಿತು. ಜಿಪಿಎ ಮೂಲಕ ಕೊಂಡವರು ಪರಿವರ್ತನಾ ಶುಲ್ಕದ ಮೇಲೆ ಮೂರನೇ ಒಂದರಷ್ಟನ್ನು ಹೆಚ್ಚುವರಿಯಾಗಿ ಕಟ್ಟಿ ವರ್ಗಾವಣೆ ಪತ್ರ ಪಡೆಯಬಹುದಾಗಿತ್ತು. ಎರಡನೆಯದು 2019ರ ಕಾಯ್ದೆ ಮತ್ತು ಅದರಡಿಯ ಪಿಎಂ-ಉದಯ್ ಯೋಜನೆ. ದೆಹಲಿಯ 1,731 ಅನಧಿಕೃತ ಬಡಾವಣೆಗಳಿಗೆ ಸಂಬಂಧಿಸಿದ ಈ ಯೋಜನೆಯು, ಯಾವ ಕಾಗದಗಳಿಂದ ಒಡೆತನ ಬಾರದೆಂದು ನ್ಯಾಯಾಲಯ ಹೇಳಿತ್ತೋ ಅವೇ ಜಿಪಿಎ, ಕರಾರು, ಉಯಿಲುಗಳನ್ನು ವಿಶೇಷ ಕಾನೂನಿನ ಬಲದಿಂದ ಆಧಾರವಾಗಿ ಸ್ವೀಕರಿಸಿ ಹಕ್ಕು ನೀಡುತ್ತದೆ. ಹಿಂದಿನ ಕೈಬದಲುಗಳಿಗೆ ಮುದ್ರಾಂಕ ಶುಲ್ಕವನ್ನೂ ಕೇಳುವುದಿಲ್ಲ. ಆದಕಾರಣ ಹಳೆಯ ಜಿಪಿಎ ಕಡತವು ದೆಹಲಿಯ ಅನಧಿಕೃತ ಬಡಾವಣೆಯಲ್ಲಿ ಇಂದಿಗೂ ಬೆಲೆಬಾಳುವ ದಾಖಲೆಯೇ.

ಗಡಿ ದಾಟಿದರೆ ನಿಯಮವೂ ಬೇರೆಯಾಗುತ್ತದೆ. ನೋಯ್ಡಾದಲ್ಲಿ ಭೂಮಿಯ ಒಡೆತನ ಅಲ್ಲಿನ ಪ್ರಾಧಿಕಾರದ್ದಾಗಿದ್ದು, ಬಿಲ್ಡರನಿಗೆ ಅದು ಸಾಮಾನ್ಯವಾಗಿ 90 ವರ್ಷಗಳ ಗುತ್ತಿಗೆಗೆ ಸಿಗುತ್ತದೆ. ಫ್ಲ್ಯಾಟು ಕೊಂಡವರಿಗೆ ಪ್ರಾಧಿಕಾರವೂ ಪಕ್ಷಗಾರನಾಗಿರುವ ತ್ರಿಪಕ್ಷೀಯ ಉಪಗುತ್ತಿಗೆ ಪತ್ರ ದೊರೆಯುತ್ತದೆ. ಬಿಲ್ಡರನು ಪ್ರಾಧಿಕಾರದ ಬಾಕಿಯನ್ನು ತೀರಿಸದೆ ಹೋದುದರಿಂದ, ಪೂರ್ತಿ ಹಣ ಕೊಟ್ಟು ವಾಸಕ್ಕೆ ಬಂದ ಸಾವಿರಾರು ಕುಟುಂಬಗಳು ನೋಂದಣಿಗಾಗಿ ವರ್ಷಗಟ್ಟಲೆ ಕಾಯಬೇಕಾಯಿತು. ಅಮಿತಾಭ್ ಕಾಂತ್ ಸಮಿತಿಯ ಶಿಫಾರಸುಗಳನ್ನು ಆಧರಿಸಿ ಉತ್ತರ ಪ್ರದೇಶ ಸರ್ಕಾರ 2023ರ ಡಿಸೆಂಬರಿನಲ್ಲಿ ಬಿಲ್ಡರರಿಗೆ ರಿಯಾಯಿತಿ ಘೋಷಿಸಿದ್ದು ಈ ಬಿಕ್ಕಟ್ಟನ್ನು ಬಿಡಿಸಲೆಂದೇ. ಹರಿಯಾಣದ ಗುರುಗ್ರಾಮದಲ್ಲಾದರೋ, ನಮ್ಮ ಪಹಣಿಯನ್ನು ಹೋಲುವ ಜಮಾಬಂದಿಯನ್ನು ನೋಡುವುದರ ಜೊತೆಗೆ, ಅಧಿಸೂಚಿತ ಪ್ರದೇಶದ ಸಣ್ಣ ಖಾಲಿ ಭೂಭಾಗಗಳಿಗೆ ನಗರ ಯೋಜನಾ ಇಲಾಖೆಯ ನಿರಾಕ್ಷೇಪಣಾ ಪತ್ರವನ್ನೂ ಪಡೆಯಬೇಕಾಗುತ್ತದೆ.

ಬೆಂಗಳೂರಿನ ಕಂದಾಯ ನಿವೇಶನಗಳ ಗೋಜಲನ್ನು ಕಂಡವರಿಗೆ ಇದಾವುದೂ ಅಪರಿಚಿತವಲ್ಲ. ದೆಹಲಿಯಲ್ಲಿ ಮನೆ ಕೊಳ್ಳುವವರು ಮುಂಗಡ ಕೊಡುವ ಮುನ್ನ ಭೂಮಿ ಪೂರ್ಣ ಒಡೆತನದ್ದೋ, ಗುತ್ತಿಗೆಯದ್ದೋ, ಅನಧಿಕೃತ ಬಡಾವಣೆಯದ್ದೋ ಎಂಬುದನ್ನು ತಿಳಿಯಬೇಕು. ಮೂಲ ಹಂಚಿಕೆಯಿಂದ ಇಂದಿನವರೆಗಿನ ಪ್ರತಿಯೊಂದು ಕೈಬದಲನ್ನೂ ಮೂಲಪತ್ರಗಳಲ್ಲೇ ನೋಡಬೇಕು. ಬೀಗದ ಕೈ ಸಿಕ್ಕ ದಿನ ಮನೆ ಸ್ವಾಧೀನಕ್ಕೆ ಬರುತ್ತದೆ. ಅದು ತಮ್ಮದಾಗುವುದು ಪತ್ರ ನೋಂದಣಿಯಾದಾಗ ಮಾತ್ರ.