ಕಾರ್ಡ್ ಹೊಸದು, ಪ್ರೊಸೆಸರ್ ಹಳೆಯದು

ರೈಜೆನ್ 5 2600 ಪ್ರೊಸೆಸರ್, ಬಿ450 ಮದರ್‌ಬೋರ್ಡ್ ಇರುವ ಕಂಪ್ಯೂಟರಿಗೆ ಆರ್‌ಟಿಎಕ್ಸ್ 4060 ಕಾರ್ಡ್ ಹಾಕಿದಿರಿ ಎನ್ನಿ. ನೋಟದಲ್ಲಿ ಭರ್ಜರಿಯಾದ ಆಟಗಳು ಲವಲವಿಕೆಯಿಂದ ಓಡುತ್ತವೆ. ವ್ಯಾಲೊರಂಟ್‌ನಲ್ಲಿ ಮಾತ್ರ ಫ್ರೇಮ್ ಮೊದಲಿದ್ದಷ್ಟೇ. ಇದು ಕಾರ್ಡಿನ ತಪ್ಪಲ್ಲ.

ಪ್ರತಿ ಫ್ರೇಮಿಗೂ ಮೊದಲು ಲೆಕ್ಕ ಹಾಕುವುದು ಪ್ರೊಸೆಸರ್: ಯಾರು ಎಲ್ಲಿದ್ದಾರೆ, ಗುಂಡು ಎಲ್ಲಿ ತಾಗಿತು, ಏನೇನು ಬಿಡಿಸಬೇಕು. ಆ ಪಟ್ಟಿ ಕೈಗೆ ಬಂದಮೇಲೆ ಕಾರ್ಡ್ ಚಿತ್ರ ಬಿಡಿಸುತ್ತದೆ. 144 ಹರ್ಟ್ಜ್ ಮಾನಿಟರ್ ತುಂಬಬೇಕಾದರೆ ಒಂದೊಂದು ಫ್ರೇಮಿಗೆ ಸಿಗುವುದು 7 ಮಿಲಿಸೆಕೆಂಡಿಗೂ ಕಡಿಮೆ. ಪ್ರೊಸೆಸರ್ 12 ಮಿಲಿಸೆಕೆಂಡ್ ತೆಗೆದುಕೊಂಡರೆ ಸೆಕೆಂಡಿಗೆ 83 ಫ್ರೇಮ್ ದಾಟುವುದಿಲ್ಲ, ಕಾರ್ಡ್ ಎಷ್ಟೇ ದುಬಾರಿಯದಾಗಿದ್ದರೂ.

ಹಾಗಾಗಿ ಹೊಸ ಪ್ರೊಸೆಸರ್ ಕೊಳ್ಳುವ ಮುಂಚೆ ಪರೀಕ್ಷೆ. ಎಂಎಸ್ಐ ಆಫ್ಟರ್‌ಬರ್ನರ್ ಹಾಕಿ, ವಿ-ಸಿಂಕ್ ಮತ್ತು ಫ್ರೇಮ್ ಮಿತಿ ತೆಗೆದು ಆಡಿ. ಕಾರ್ಡಿನ ಬಳಕೆ ಶೇ. 95ರ ಮೇಲಿದ್ದರೆ ಪ್ರೊಸೆಸರ್ ಬದಲಿಸಿ ಲಾಭವಿಲ್ಲ. ಶೇ. 60-70ರಲ್ಲೇ ನಿಂತಿದ್ದರೆ ಕಾರ್ಡ್ ಕಾಯುತ್ತಿದೆ ಎಂದರ್ಥ. ಟಾಸ್ಕ್ ಮ್ಯಾನೇಜರ್ 'ಸಿಪಿಯು ಶೇ. 40' ಎಂದು ತೋರಿಸಿದರೆ ನಂಬಬೇಡಿ. ಅದು 12 ಥ್ರೆಡ್‌ಗಳ ಸರಾಸರಿ. ಆಟದ ಮುಖ್ಯ ಕೆಲಸವೆಲ್ಲ ಒಂದೆರಡು ಥ್ರೆಡ್‌ಗಳ ತಲೆಗೆ ಬಿದ್ದಿರುತ್ತದೆ. ಅನುಮಾನ ಉಳಿದರೆ ರೆಸಲ್ಯೂಶನ್ 1080ರಿಂದ 720ಕ್ಕೆ ಇಳಿಸಿ. ಆಗಲೂ ಫ್ರೇಮ್ ಏರದಿದ್ದರೆ, ಆ ಆಟದಲ್ಲಿ ನಿಮ್ಮ ಪ್ರೊಸೆಸರಿನ ಮಿತಿ ಅಷ್ಟೇ. ಇಂಥ ಕಾರ್ಡಿಗೆ ಇಂಥ ಪ್ರೊಸೆಸರ್ ಹಾಕಿದರೆ 'ಶೇ. 18 ಬಾಟಲ್‌ನೆಕ್' ಎಂದು ಹೇಳುವ ಕ್ಯಾಲ್ಕ್ಯುಲೇಟರ್‌ಗಳು ನನಗೆ ಗಿಳಿಶಾಸ್ತ್ರದಂತೆ ಕಾಣುತ್ತವೆ. ಅದೇ ಜೋಡಿ ಆಟ ಬದಲಾದರೆ, ರೆಸಲ್ಯೂಶನ್ ಬದಲಾದರೆ ಬೇರೆಯೇ ಉತ್ತರ ಕೊಡುತ್ತದೆ.

ಇನ್ನೊಂದು: 16 ಜಿಬಿಯ ಒಂದೇ ರ‍್ಯಾಮ್ ಕಡ್ಡಿ ಇದ್ದರೆ ಮೊದಲು ಜೋಡಿ ಮಾಡಿ. ಆಮೇಲೆ ಪ್ರೊಸೆಸರಿನ ಮಾತು.

ಪ್ರೊಸೆಸರೇ ತಡೆ ಎಂದು ಖಚಿತವಾದರೂ ಬೋರ್ಡ್ ಎಸೆಯಬೇಕಿಲ್ಲ. ಎಎಂ4 ಸಾಕೆಟ್‌ನ ದೊಡ್ಡ ಉಪಕಾರ ಇದು: 2018ರ ಬಿ450 ಬೋರ್ಡಿಗೆ 2022ರ ರೈಜೆನ್ 5 5600 ಕೂರುತ್ತದೆ. ಎರಡರಲ್ಲೂ ಆರೇ ಕೋರ್, 12 ಥ್ರೆಡ್. ಹಾಗಾದರೆ ಲಾಭ ಎಲ್ಲಿಂದ? ಕೋರ್‌ಗಳು ಹೊಸ ವಿನ್ಯಾಸದವು ಎನ್ನುವುದು ಒಂದು. ಕ್ಯಾಶ್ ಮೆಮೊರಿ ಇನ್ನೊಂದು. 2600ರಲ್ಲಿ 16 ಎಂಬಿ ಎಲ್3 ಕ್ಯಾಶ್ ಇದ್ದರೂ ಅದು 8-8 ಎಂದು ಎರಡು ಪಾಲಾಗಿ, ಮೂರು ಮೂರು ಕೋರ್‌ಗಳಿಗೆ ಹಂಚಿಹೋಗಿದೆ. 5600ರಲ್ಲಿ 32 ಎಂಬಿ, ಆರಕ್ಕೂ ಸೇರಿ ಒಂದೇ. ಬೇಕಾದ ಮಾಹಿತಿ ಅಲ್ಲಿ ಸಿಗದಿದ್ದರೆ ಪ್ರೊಸೆಸರ್ ರ‍್ಯಾಮ್‌ವರೆಗೆ ಹೋಗಿ ಬರಬೇಕು. ಫ್ರೇಮಿನ ಹೊತ್ತು ಸೋರುವುದು ಇಲ್ಲೇ. 5700ಎಕ್ಸ್3ಡಿ, 5800ಎಕ್ಸ್3ಡಿಗಳಲ್ಲಿ ಹೆಚ್ಚುವರಿ ಕ್ಯಾಶನ್ನು ಕೋರ್‌ಗಳ ಚಿಪ್ಪಿನ ಮೇಲೆಯೇ ಪೇರಿಸಿ ಒಟ್ಟು 96 ಎಂಬಿ ಮಾಡಿದ್ದಾರೆ. ಸ್ಪರ್ಧಾತ್ಮಕ ಆಟಗಳಲ್ಲಿ ಹೆಚ್ಚು ಫ್ರೇಮ್ ಬೇಕೆನ್ನುವವರಿಗೆ ಅವು. 4060ಕ್ಕೆ 5600 ಸಾಕೇ ಸಾಕು ಎಂಬುದು ನನ್ನ ಅಭಿಪ್ರಾಯ.

ಹೆಸರುಗಳಲ್ಲಿ ಮೋಸಹೋಗಬೇಡಿ. 5500, 5600ಜಿ, ಎಕ್ಸ್ ಇಲ್ಲದ ಬರಿಯ 5700, ಈ ಮೂರರಲ್ಲೂ ಇರುವುದು 16 ಎಂಬಿ ಎಲ್3 ಮಾತ್ರ. ಇಂಟೆಲ್ ಕಡೆ ಬೇರೆ ತಲೆನೋವು: 7ನೇ ತಲೆಮಾರಿನ ಬೋರ್ಡೂ 9ನೇ ತಲೆಮಾರಿನ ಚಿಪ್ಪೂ ಎಲ್‌ಜಿಎ1151 ಎಂದೇ ಕರೆಸಿಕೊಂಡರೂ ಒಂದಕ್ಕೊಂದು ಆಗಿಬರುವುದಿಲ್ಲ.

ಕಾರ್ಡ್ ಇನ್ನೂ ಕೊಂಡಿಲ್ಲದವರಿಗೊಂದು ಮಾತು. 2024ರ ಡಿಸೆಂಬರಿನಲ್ಲಿ ಬಂದ ಇಂಟೆಲ್ ಆರ್ಕ್ ಬಿ580 ಬೆಲೆಗೆ ಒಳ್ಳೆಯ ಕಾರ್ಡೇ. ಆದರೆ ಅದರ ಡ್ರೈವರ್ ಪ್ರೊಸೆಸರಿನಿಂದ ಹೆಚ್ಚು ಕೆಲಸ ಕೇಳುತ್ತದೆ. 2600ರಂಥ ಚಿಪ್ಪಿನ ಜೊತೆ ಹಲವು ಆಟಗಳಲ್ಲಿ ಸೊರಗುತ್ತದೆ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ಬೇರೆಲ್ಲೋ ಸೆಕೆಂಡ್ ಹ್ಯಾಂಡ್ ಎಎಂ4 ಚಿಪ್ ಕೊಳ್ಳುವುದಾದರೆ ತಿರುಗಿಸಿ ಪಿನ್‌ಗಳ ಸಾಲನ್ನು ಓರೆಯಾಗಿ ಹಿಡಿದು ನೋಡಿ. ಬಾಗಿದ್ದು ಆಗ ಕಾಣುತ್ತದೆ. ಹೊಸ ಚಿಪ್ ಕೂರಿಸುವ ಮೊದಲು, ಹಳೆಯದು ಇನ್ನೂ ಇರುವಾಗಲೇ ಬಯೋಸ್ ಅಪ್‌ಡೇಟ್ ಮಾಡಿ. ಬಿಟ್‌ಲಾಕರ್ ಕೀ ಬರೆದಿಟ್ಟುಕೊಳ್ಳಿ. ಚಿಪ್ ಬದಲಾದಾಗ ವಿಂಡೋಸ್ ಅದನ್ನು ಕೇಳಬಹುದು. ಇನ್ನು ಕೂಲರ್ ಬಿಚ್ಚುವುದು. ಒಣಗಿದ ಪೇಸ್ಟ್ ಅಂಟಿನಂತೆ ಹಿಡಿದುಕೊಂಡಿರುತ್ತದೆ, ನೇರ ಎಳೆದರೆ ಲಾಕ್ ಹಾಕಿದ್ದರೂ ಪ್ರೊಸೆಸರ್ ಸಮೇತ ಕಿತ್ತುಬರಬಹುದು. ಒಂದು ಹತ್ತು ನಿಮಿಷ ಆಟ ಓಡಿಸಿ ಬಿಸಿಯಾಗಲು ಬಿಡಿ, ಪವರ್ ಆರಿಸಿ ಪ್ಲಗ್ ಕಿತ್ತು, ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಚಿ, ಸಡಿಲವಾದ ಮೇಲಷ್ಟೇ ಎತ್ತಿ.