ಎರೆ ಮಣ್ಣಲ್ಲಿ ಹೂದಾನಿಯ ಹೂವು

ನಮ್ಮ ಶಹಾಪುರ, ಸುರಪುರದ ಕಡೆ ಹಿತ್ತಲ ಹೂವೆಂದರೆ ದೇವರಿಗೆ, ಇಲ್ಲವೇ ಜಡೆಗೆ. ನಾನು ಹೂದಾನಿಗೂ ಬೆಳೆಯುತ್ತೇನೆ. 'ಹೂವ್ನ ನೀರಾಗ ಯಾಕ ನಿಂದರಸ್ತೀ?' ಎಂದು ಅತ್ತೆಯವರು ಇವತ್ತಿಗೂ ಕೇಳುತ್ತಾರೆ.

ಮೊದಲ ಚಿಂತೆ ಮಣ್ಣಿನದು. ಎರೆ ಮಣ್ಣು ಮಳೆಗಾಲದಲ್ಲಿ ನೀರು ಹಿಡಿದಿಟ್ಟು ಸುಗಂಧರಾಜದ ಗಡ್ಡೆ ಕೊಳೆಸುತ್ತದೆ, ಬೇಸಿಗೆಯಲ್ಲಿ ಬಿರಿದು ಬೇರು ಹರಿಯುತ್ತದೆ. ಮರಳು, ತಿಪ್ಪೆಗೊಬ್ಬರ ಬೆರೆಸಿ ಎತ್ತರದ ಮಡಿ ಮಾಡಲೇಬೇಕು. ಬಿಸಿಲು 40 ಡಿಗ್ರಿ ದಾಟುವ ಏಪ್ರಿಲ್, ಮೇನಲ್ಲಿ ಹೂವಿನಾಸೆ ಬೇಡ. ಗಿಡ ಉಳಿದರೆ ಅದೇ ಲಾಭ.

ಲೆಕ್ಕವನ್ನು ಹಬ್ಬದಿಂದ ಹಿಂದಕ್ಕೆ ಹಾಕಿ. ಚೆಂಡು ಹೂವಿನ ಸಸಿಗೆ ಒಂದು ತಿಂಗಳು, ನೆಟ್ಟ ಮೇಲೆ ಹೂವಿಗೆ ಸುಮಾರು ಎರಡು ತಿಂಗಳು. ದೀಪಾವಳಿಗೆ ಬೇಕಾದರೆ ಜುಲೈ ಕೊನೆಯೊಳಗೆ ಬೀಜ ಬಿದ್ದಿರಬೇಕು. ನಡುವೆ ಒಮ್ಮೆ ತುದಿ ಚಿವುಟಿದರೆ ಕವಲು ಹೆಚ್ಚು. ಸೇವಂತಿಗೆ ಮಾತ್ರ ಅವಸರ ನಡೆಯದು. ರಾತ್ರಿ ಉದ್ದವಾದಾಗಲೇ ಅದು ಮೊಗ್ಗು ಕಟ್ಟುವುದು. ಬೀದಿ ದೀಪದ ಬೆಳಕು ಬೀಳುವಲ್ಲಿ ನೆಡಬೇಡಿ.

ಸುಗಂಧರಾಜದ ಕಡ್ಡಿಯನ್ನು ಕೆಳಗಿನ ಎರಡು ಮೂರು ಹೂ ಅರಳಿದಾಗ, ಬಿಸಿಲೇರುವ ಮೊದಲು ಕತ್ತರಿಸಿ ಕೂಡಲೇ ನೀರಿಗಿಡಿ. ನೀರು ದಿನಾ ಬದಲಿಸಿ, ನೀರಿನಲ್ಲಿ ಮುಳುಗುವ ಎಲೆಗಳನ್ನು ಕಿತ್ತುಹಾಕಿ.