ಮಾಲ್ಗುಡಿಯ ಹಿಂದೆ ನಿಂತ ನಟ

ಉಡುಪಿಯಿಂದ ಹೊರಟ ಬಸ್ಸು ಮಣಿಪಾಲ, ಹಿರಿಯಡ್ಕಗಳನ್ನು ದಾಟಿ ಹೆಬ್ರಿಯನ್ನು ಸೇರುತ್ತದೆ. ಕಾರ್ಕಳದ ಕಡೆಯಿಂದ ಬಂದ ಪ್ರಯಾಣಿಕರನ್ನೂ ಹತ್ತಿಸಿಕೊಂಡು ಸೋಮೇಶ್ವರದತ್ತ ಸಾಗುತ್ತದೆ. ಅಲ್ಲಿಂದ ಮುಂದೆ ಘಾಟಿ. 14 ತಿರುವುಗಳನ್ನು ಏರಿದರೆ ಆಗುಂಬೆ. ಕಳೆದ ಚಳಿಗಾಲದಲ್ಲಿ ನಮ್ಮ ಕಾಲೇಜಿನ ನಾಟಕ ಸಂಘದ ವಿದ್ಯಾರ್ಥಿಗಳೊಡನೆ ಈ ದಾರಿಯಲ್ಲಿ ಹೋಗುತ್ತಿದ್ದಾಗ, ಕಾಪುವಿನಿಂದ ಬರುವ ತರುಣನೊಬ್ಬನು ಕೇಳಿದನು: “ಸಾರ್, ನಾಟಕದಲ್ಲಿ ಎಷ್ಟು ವರ್ಷ ಕಳೆದರೆ ಟಿ.ವಿ. ಧಾರಾವಾಹಿಯಲ್ಲಿ ಅವಕಾಶ ಸಿಕ್ಕೀತು?”

ಪ್ರಶ್ನೆ ನಗುವಂಥದಾಗಿರಲಿಲ್ಲ. ಪರೀಕ್ಷೆಯ ವರ್ಷ ಬಣ್ಣ ಹಚ್ಚುವುದು ಬೇಡವೆಂದು ಅವನ ಮನೆಯಲ್ಲಿ ಒತ್ತಾಯವಿದ್ದಿತು. ಲಾಭವನ್ನು ತೋರಿಸದೆ ಅವನು ನಾಟಕವನ್ನು ಉಳಿಸಿಕೊಳ್ಳುವಂತಿರಲಿಲ್ಲ. ನಾನು ಉತ್ತರವನ್ನು ಆಗುಂಬೆಯವರೆಗೆ ತಡೆದಿಟ್ಟೆ.

ಆ ಊರಿನ ದೊಡ್ಡಮನೆಯ ಜಗುಲಿಯನ್ನು ಕಂಡೊಡನೆ ವಿದ್ಯಾರ್ಥಿಗಳೆಲ್ಲ “ಸ್ವಾಮಿಯ ಮನೆ!” ಎಂದರು. ಆರ್. ಕೆ. ನಾರಾಯಣರ ಕಲ್ಪನೆಯ ಮಾಲ್ಗುಡಿಯನ್ನು ಶಂಕರನಾಗ್ ಅವರು ನೆಲೆಗೊಳಿಸಿದ್ದು ಇಲ್ಲಿಯೇ. ಇದೇ ಜಿಲ್ಲೆಯ ಅರಸಾಳು ನಿಲ್ದಾಣವು ಮಾಲ್ಗುಡಿಯ ರೈಲು ನಿಲ್ದಾಣವಾಯಿತು.

ಶಂಕರನಾಗ್ ಹುಟ್ಟಿದ್ದು 1954ರ ನವೆಂಬರ್ 9ರಂದು, ಹೊನ್ನಾವರದ ಸೀಮೆಯಲ್ಲಿ, ಬೆಳೆದದ್ದು ಮುಂಬಯಿಯಲ್ಲಿ. ಬ್ಯಾಂಕಿನಲ್ಲಿ ನೌಕರಿ, ಸಂಜೆ ಮರಾಠಿ ರಂಗಭೂಮಿ. ಇದು ಅವರ ತಾರುಣ್ಯದ ದಿನಚರಿ. 1978ರಲ್ಲಿ ಗಿರೀಶ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ ಚಿತ್ರದ ಗಂಡುಗಲಿಯ ಪಾತ್ರ ಅವರನ್ನು ಕನ್ನಡಕ್ಕೆ ಕರೆತಂದಿತು. ಭಾರತದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಶ್ರೇಷ್ಠ ನಟನೆಂಬ ಮನ್ನಣೆಯೂ ದೊರೆಯಿತು. 1980ರ ‘ಆಟೋ ರಾಜ’ದ ಬಳಿಕವಂತೂ ಅವರು ಜನಸಾಮಾನ್ಯರ ನಾಯಕ. ಇಂದಿಗೂ ಎಷ್ಟೋ ಆಟೋ ರಿಕ್ಷಾಗಳಲ್ಲಿ ಅವರ ಚಿತ್ರವುಂಟು.

ನಾಟಕವನ್ನು ಏಣಿಯೆಂದು ಬಗೆದಿದ್ದವರು ಇಷ್ಟು ಹೊತ್ತಿಗೆ ಅದನ್ನು ಒದ್ದು ಮುಂದೆ ನಡೆಯುತ್ತಿದ್ದರು. ಅವರು ಹಾಗೆ ಮಾಡಲಿಲ್ಲ. ಪತ್ನಿ ಅರುಂಧತಿ, ಅಣ್ಣ ಅನಂತನಾಗ್ ಮತ್ತು ಗೆಳೆಯರೊಡನೆ ‘ಸಂಕೇತ್’ ತಂಡವನ್ನು ಕಟ್ಟಿದರು. ಹಗಲೆಲ್ಲ ಚಿತ್ರೀಕರಣ, ಬಿಡುವಾದಾಗ ತಾಲೀಮು. ಚಿತ್ರರಂಗದಲ್ಲಿ ಹೆಸರಾಗಿ ಹತ್ತು ವರ್ಷ ಕಳೆದ ಮೇಲೂ, 1989ರಲ್ಲಿ, ಕಾರ್ನಾಡರ ‘ನಾಗಮಂಡಲ’ವನ್ನು ರಂಗಕ್ಕೆ ತಂದರು.

1986ರಲ್ಲಿ ದೂರದರ್ಶನದಲ್ಲಿ ಆರಂಭವಾದ ‘ಮಾಲ್ಗುಡಿ ಡೇಸ್’ನಲ್ಲಿ ಈ ರಂಗಸಂಸ್ಕಾರವು ಎದ್ದು ಕಾಣುತ್ತದೆ. ಜನಪ್ರಿಯ ನಾಯಕನಟನೇ ಕ್ಯಾಮರಾದ ಹಿಂದೆ ನಿಂತು ಮೊದಲ 39 ಕಂತುಗಳನ್ನು ನಿರ್ದೇಶಿಸಿದರು. ಮುಂದೆ ನಿಂತವರು ಸ್ವಾಮಿಯಾಗಿ ಬಾಲಕ ಮಂಜುನಾಥ್, ತಂದೆಯಾಗಿ ಗಿರೀಶ ಕಾರ್ನಾಡ, ತಾಯಿಯಾಗಿ ವೈಶಾಲಿ ಕಾಸರವಳ್ಳಿ. ‘ಮಿಠಾಯಿ ಮಾರುವವ’ನ ಕಥೆಯಲ್ಲಿ ಅನಂತನಾಗ್. ಇವರಲ್ಲಿ ಹಲವರು ರಂಗಭೂಮಿಯಲ್ಲಿ ಪಳಗಿದವರು. ಒಂದು ಗಳಿಗೆ ಬಂದು ಮರೆಯಾಗುವ ಪಾತ್ರವೂ ಅಲ್ಲಿ ಜೀವಂತವಾಗಿದೆ. ಒಬ್ಬನು ಮೆರೆಯುವುದಕ್ಕಿಂತ ಇಡೀ ಆಟ ಕಳೆಗಟ್ಟಬೇಕೆಂಬ ಪಾಠವನ್ನು ರಂಗಭೂಮಿಯಲ್ಲದೆ ಬೇರಾವ ಶಾಲೆ ಕಲಿಸೀತು?

1990ರ ಸೆಪ್ಟೆಂಬರ್ 30ರಂದು, ‘ಜೋಕುಮಾರಸ್ವಾಮಿ’ ಚಿತ್ರದ ಕೆಲಸಕ್ಕೆ ಹೊರಟಿದ್ದ ಅವರು ದಾವಣಗೆರೆಯ ಬಳಿಯ ಆನಗೋಡಿನಲ್ಲಿ ಕಾರು ಅಪಘಾತಕ್ಕೆ ತುತ್ತಾದರು. ವಯಸ್ಸು ಇನ್ನೂ 36 ತುಂಬಿರಲಿಲ್ಲ. ನಾನು ಮಾಲ್ಗುಡಿಯನ್ನು ಮರುಪ್ರಸಾರದಲ್ಲಿ ನೋಡಿ ಬೆಳೆದವನು. ಅದನ್ನು ಕಟ್ಟಿದವರು ಇಲ್ಲವೆಂದು ತಿಳಿದುದು ತಡವಾಗಿ.

ಅದೇ ಅಪಘಾತದಲ್ಲಿ ತೀವ್ರವಾಗಿ ಗಾಯಗೊಂಡ ಅರುಂಧತಿ ನಾಗ್ ಎದೆಗುಂದಲಿಲ್ಲ. ನಾಟಕಕ್ಕೊಂದು ಒಳ್ಳೆಯ ಮನೆ ಬೇಕೆಂಬ ಶಂಕರರ ಕನಸು ಅವರ ಶ್ರಮದಿಂದ 2004ರಲ್ಲಿ ಬೆಂಗಳೂರಿನ ಜಯಪ್ರಕಾಶ ನಗರದಲ್ಲಿ ‘ರಂಗಶಂಕರ’ವಾಗಿ ತೆರೆದುಕೊಂಡಿತು. ಅಲ್ಲಿ ಹೊತ್ತಿಗೆ ಸರಿಯಾಗಿ ನಾಟಕ ಆರಂಭ. ತಡವಾಗಿ ಬಂದವರು ಎಷ್ಟು ದೊಡ್ಡವರಾದರೂ ಒಳಗೆ ಪ್ರವೇಶವಿಲ್ಲ.

ಇಷ್ಟನ್ನು ಜಗುಲಿಯ ಮುಂದೆ ನಿಂತು ಹೇಳಿದೆ. “ಎಷ್ಟು ವರ್ಷವೆಂದು ಲೆಕ್ಕ ಹೇಳಲಾರೆ, ತಮ್ಮಾ. ಲೆಕ್ಕ ಹಾಕದೆ ದುಡಿದವರೊಬ್ಬರನ್ನು ಮಾತ್ರ ತೋರಿಸಬಲ್ಲೆ” ಎಂದೆ. ಅವನು ಮಾತನಾಡಲಿಲ್ಲ. ಮನೆಯ ಒತ್ತಾಯವೂ ಪರೀಕ್ಷೆಯ ಚಿಂತೆಯೂ ಘಾಟಿಯ ಕೆಳಗೆ ಹಾಗೆಯೇ ಕಾದಿದ್ದವು.

ಮರುವಾರದ ತಾಲೀಮಿಗೆ ನಾನು ಹೋದಾಗ ಅವನೊಬ್ಬನೇ ಮುಂಚಿತವಾಗಿ ಬಂದು ಬೆಂಚುಗಳನ್ನು ಗೋಡೆಗೆ ಸರಿಸುತ್ತಿದ್ದನು. ಅವನ ಪಾತ್ರಕ್ಕೆ ಇದ್ದುದು ನಾಲ್ಕೇ ಮಾತು.